ಬಿ.ಎಸ್ಸಿ. ಚಂದ್ರಮತಿ

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಸ್ಟುಡಿಯೋ ಇಟ್ಟಿರುವ ಚಂದ್ರಮತಿಯನ್ನು ಆ ಕಡೆಯ ಹೆಂಗಸರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಸೀಮಂತವಿರಲಿ, ಮದುಮಗಳ ಸಿಂಗಾರವಿರಲಿ, ತೊಟ್ಟಿಲು ಶಾಸ್ತ್ರವಿರಲಿ, ಗಂಡಸರು ಬಾಗಿಲಲ್ಲೇ ನಿಲ್ಲಬೇಕಾದ ಒಳಕೋಣೆಗೆ ಅವಳ ಕ್ಯಾಮೆರಾ ಸಲೀಸಾಗಿ ಹೋಗುತ್ತದೆ. ಬಿ.ಎಸ್ಸಿ. ಓದಿದವಳು, ಆದರೂ ಒಂಚೂರೂ ಬಿಂಕವಿಲ್ಲ ಎಂದು ಜನ ಹೊಗಳುತ್ತಿದ್ದರು. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವಳು ಲೆನ್ಸ್ ಒರೆಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಯಾಕೆಂದರೆ ಚಂದ್ರಮತಿ ಪಿಯುಸಿಯನ್ನೇ ಪಾಸು ಮಾಡಿದವಳಲ್ಲ.

ಅದು ೧೯೯೭ರ ಮಾತು. ಫಲಿತಾಂಶದ ದಿನ ಅವಳು ಕುಂದಾಪುರದ ಕಾಲೇಜಿನ ಬೋರ್ಡಿನ ಮುಂದೆ ನಿಂತು ತನ್ನ ನಂಬರನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು. ಹಿಂದಿನ ನಂಬರ್ ಇತ್ತು, ಮುಂದಿನದೂ ಇತ್ತು. ಕೆಮಿಸ್ಟ್ರಿ ಕೈಕೊಟ್ಟಿತ್ತು. ತನ್ನೂರು ತ್ರಾಸಿಯಲ್ಲಿ ಬಸ್ಸಿಳಿದಾಗ ಅಪ್ಪ ಗೋವರ್ಧನ ರಸ್ತೆ ಬದಿಯಲ್ಲೇ ನಿಂತಿದ್ದ. ಗಂಗೊಳ್ಳಿಯ ಬಂದರಿನಲ್ಲಿ ಮೀನು ಹಿಡಿದು ಘಟ್ಟದ ಮೇಲಿನ ಪೇಟೆಗಳಿಗೆ ಕಳಿಸುವ ವ್ಯಾಪಾರ ಅವನದು. ಮಂಜುಗಡ್ಡೆ ತುಂಬುತ್ತಿದ್ದ ಲಾರಿಯ ಸುತ್ತ ನಾಲ್ಕೈದು ಜನ ಇದ್ದರು. ಅವರೆಲ್ಲರ ನಡುವಿನಿಂದಲೇ ಅವನು ಕೂಗಿ ಕೇಳಿದ.

"ಪಾಸಲ್ದಾ ಮಗಾ?"

ಚಂದ್ರಮತಿ ತಲೆಯಾಡಿಸಿದಳು. ಇಲ್ಲ ಎಂದು ಆಡಿಸಬೇಕಾದ ತಲೆ ಹೌದು ಎಂದು ಹೇಗೆ ಆಡಿತೋ ಅವಳಿಗೂ ಗೊತ್ತಾಗಲಿಲ್ಲ. ಮುಂದಿನ ಮಾತಿಗೆ ಅವಳು ಬಾಯಿ ತೆರೆಯುವಷ್ಟರಲ್ಲಿ ಗೋವರ್ಧನ ಲಾರಿಯವರ ಕಡೆ ತಿರುಗಿಯಾಗಿತ್ತು. "ಕಂಡ್ರ್ಯಾ, ನಾ ಹೇಳಿದ್ದಲ್ದಾ? ನಮ್ಮ ಮನಿಯಂಗೆ ಮೊದ್ಲ್ನೇ ಡಿಗ್ರಿ ಇವಳ್ದೇ." ಸಂಜೆಯೊಳಗೆ ಆಸುಪಾಸಿನ ಹತ್ತು ಮನೆಗೆ ಲಾಡು ಹೋಯಿತು.

ನಾಳೆ ಹೇಳೋಣ ಎಂದುಕೊಂಡಳು. ನಾಳೆ ನಾಡಿದ್ದಾಯಿತು. ಕಾಲೇಜು ಶುರುವಾಗುವ ದಿನ ಬಂತು. ಅವ್ವ ಬುತ್ತಿ ಕಟ್ಟಿ ಕೈಗಿಟ್ಟಳು. ಚಂದ್ರಮತಿ ಚೀಲ ಹೆಗಲಿಗೇರಿಸಿ ಕುಂದಾಪುರದ ಬಸ್ಸು ಹತ್ತಿದಳು.

ಹತ್ತಿದ ಮೇಲೆ ಎಲ್ಲಿಗೆ ಹೋಗುವುದು? ಮೊದಲ ದಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೆಂಚಿನಿಂದ ಇನ್ನೊಂದಕ್ಕೆ ಎದ್ದು ಕೂತು ಹೊತ್ತು ಕಳೆದಳು. ಮರುದಿನ ಬಸ್ರೂರಿನ ಬಸ್ಸು ಹತ್ತಿ, ಅಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸು ಬಂದಳು. ಕಂಡಕ್ಟರ್ ಒಂದು ನಮೂನೆ ನೋಡಿದ. ಮೂರನೆಯ ದಿನ ಬಡಿದ ಮಳೆಗೆ ಒಂದು ಫೋಟೊ ಸ್ಟುಡಿಯೋದ ಜಗಲಿಯಲ್ಲಿ ನಿಂತವಳು ಮತ್ತೂ ಮೂರು ದಿನ ಅಲ್ಲೇ ನಿಂತಳು. ತ್ರಾಸಿಯವರು ಯಾರೇ ರಸ್ತೆಯಲ್ಲಿ ಕಂಡರೂ ಗೋಡೆಯ ಕಡೆ ತಿರುಗಿ ಗಾಜಿನ ಪೆಟ್ಟಿಗೆಯೊಳಗಿನ ಮದುಮಕ್ಕಳ ಫೋಟೊ ನೋಡುವವಳಂತೆ ನಟಿಸುತ್ತಿದ್ದಳು.

ಸ್ಟುಡಿಯೋದ ದುಗ್ಗಪ್ಪನಿಗೆ ಅರವತ್ತರ ಹತ್ತಿರ. ಕಣ್ಣಿಗೆ ಪೊರೆ ಬರುತ್ತಿತ್ತು.

"ಹ್ವಾಯ್ ಹೆಣೆ, ದಿನಾ ಕಾಣ್ತಿದ್ದೆ. ಕಾಲೇಜಿಗೆ ಹೋಪುದಿಲ್ಯಾ?"

ಅವಳು ಮತ್ತೆ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದಳು.

"ಹೊರ್ಗೆ ಒದ್ದೆ ಆಪುದೆಂತಕ್ಕೆ? ಒಳಗ್ ಬಾ."

ಒಳಗೆ ಮೇಜಿನ ಮೇಲೆ ನೆಗೆಟಿವ್‌ಗಳಿದ್ದವು. ಮುಖದ ಮೇಲಿನ ಕಲೆಗಳನ್ನು ಚೂಪಾದ ಪೆನ್ಸಿಲ್ಲಿನಿಂದ ತಿದ್ದುವ ಕೆಲಸ. ದುಗ್ಗಪ್ಪನ ಕಣ್ಣಿಗೆ ಅದು ಆಗುತ್ತಿರಲಿಲ್ಲ. ಕಾಲೇಜಿನ ರೆಕಾರ್ಡಿನಲ್ಲಿ ಕಪ್ಪೆ, ಜಿರಳೆಗಳನ್ನು ಗೆರೆ ತಪ್ಪದೆ ಬಿಡಿಸುತ್ತಿದ್ದ ಕೈ ಚಂದ್ರಮತಿಯದು. ಒಂದು ವಾರದಲ್ಲಿ ತಿದ್ದುವುದನ್ನು ಕಲಿತಳು, ತಿಂಗಳಲ್ಲಿ ಪ್ರಿಂಟ್ ಹಾಕುವುದನ್ನು ಕಲಿತಳು. ಹಿಂದಿನ ಕತ್ತಲೆ ಕೋಣೆಯೇ ಅವಳ ಕಾಲೇಜಾಯಿತು. ಕೆಂಪು ಬಲ್ಬು, ಮೂರು ಟ್ರೇ, ಮೂಗಿಗೆ ಹೊಡೆಯುವ ವಾಸನೆ. ಊರಿನವರ ದನಿ ಹೊರಗೆ ಕೇಳಿದರೆ ಅವರು ಹೋಗುವ ತನಕ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಅಡಗಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಹೊರಗೆ ಬರಲು ಮಾತ್ರ ಒಂದೇ ಬಾಗಿಲು, ಅದು ಅಂಗಡಿಯ ಮೂಲಕವೇ.

ಮರುವರ್ಷ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೊರಗೆ ಕೇಳಿದ ದನಿಗೆ ಅವಳ ಕೈಯಲ್ಲಿದ್ದ ಚಿಮಟ ಟ್ರೇಯೊಳಗೆ ಬಿತ್ತು.

"ಒಂದ್ ಅರ್ಜೆಂಟ್ ಫೋಟೊ ಬೇಕಿತ್ತ್. ಲೈಸೆನ್ಸಿಗೆ."

ಅಪ್ಪ. ಹಲಗೆಯ ಗೋಡೆಯ ಆಚೆ, ನಾಲ್ಕು ಮಾರು ದೂರದಲ್ಲಿ.

"ಎಲ್ಲಾಯ್ತ್ ನಿಮ್ಗೆ?" ದುಗ್ಗಪ್ಪ ಕೇಳಿದ.

"ತ್ರಾಸಿ. ನಮ್ಮ ಹುಡ್ಗಿ ಇಲ್ಲೇ ಕಾಲೇಜಂಗೆ ಬಿ.ಎಸ್ಸಿ. ಮಾಡ್ತಿತ್ತ್. ಚಂದ್ರಮತಿ ಅಂದ್ಹೇಳಿ. ಬೆಳಿಗ್ಗೆ ಹೋರೆ ಸಂಜಿಗೇ ಬಪ್ಪುದ್. ಪಾಪ, ಓದಿ ಓದಿ ಮುಖ ಸಣ್ಣ ಆಯ್ತ್."

ದುಗ್ಗಪ್ಪ ಕ್ಯಾಮೆರಾದ ಹಿಂದೆ ಬಗ್ಗಿದ. ಆಮೇಲೆ "ಗಲ್ಲ ಒಂಚೂರ್ ಮೇಲೆ ಎತ್ತಿ" ಎಂದ. ಫೋಟೊ ತೆಗೆದು ಫಿಲ್ಮ್ ಹಿಡಿದು ಒಳಗೆ ಬಂದವನು ಅವಳ ಮುಖ ನೋಡಲಿಲ್ಲ. ಅದುವರೆಗೂ ಅವನು ಅವಳ ವಿಷಯ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಈಗ ಎಲ್ಲವೂ ಗೊತ್ತಾಗಿತ್ತು.

ಫಿಲ್ಮ್ ತೊಳೆದಳು, ಒಣಗಿಸಿದಳು. ಪೆನ್ಸಿಲ್ ಹಿಡಿದಾಗ ದುಗ್ಗಪ್ಪ ಪಿಸುಗುಟ್ಟಿದ. "ಸುಕ್ ತೆಗಿಬ್ಯಾಡ. ಅವ್ರ್ ಮುಖ ಅವ್ರ್ದೇ ಇರ್ಲಿ."

ಟ್ರೇಯ ದ್ರಾವಣದೊಳಗೆ ಬಿಳಿ ಕಾಗದದಿಂದ ಮೊದಲು ಹುಬ್ಬು, ಆಮೇಲೆ ಮೀಸೆ, ಆಮೇಲೆ ಕಣ್ಣು ಮೂಡಿದವು. ಅಪ್ಪ ಕೆಳಗಿನಿಂದ ಅವಳನ್ನೇ ನೋಡುತ್ತಿದ್ದ. ಹೊರಗೆ ಅದೇ ಅಪ್ಪ ಯಾರಿಗೋ ಮಗಳ ಸುದ್ದಿ ಹೇಳುತ್ತ ಕಾಯುತ್ತಿದ್ದ. ಪರದೆ ಸರಿಸಿ ಹೊರಗೆ ಹೋದರೆ ಎಲ್ಲ ಮುಗಿದುಹೋಗುತ್ತದೆ ಎಂದು ಅವಳಿಗೆ ಅನಿಸಿತು. ಪರದೆಯ ತನಕ ಹೋದಳು ಕೂಡ. ಕಾಲು ಅಲ್ಲಿಂದ ಮುಂದಕ್ಕೆ ಏಳಲಿಲ್ಲ.

ಗುಟ್ಟು ರಟ್ಟಾದದ್ದು ಆ ವರ್ಷದ ಕೊನೆಗೆ. ಹೆಮ್ಮಾಡಿಯ ಒಂದು ಮನೆಯವರು ಹೆಣ್ಣು ಕೇಳಲು ಬಂದವರು, ತಮ್ಮ ಹುಡುಗಿಯೂ ಅದೇ ಕ್ಲಾಸಿನಲ್ಲಿದ್ದಾಳೆ, ಚಂದ್ರಮತಿ ಎಂಬವರು ಯಾರೂ ಇಲ್ಲವಂತೆ ಎಂದರು. ಗೋವರ್ಧನ ಮಾರನೆಯ ದಿನ ಕಾಲೇಜಿಗೆ ಹೋಗಿ ಬಂದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಜಗಲಿಯಲ್ಲಿ ಕೂತ. ಬೈಯಲಿಲ್ಲ, ಹೊಡೆಯಲಿಲ್ಲ.

"ಆ ಗುಮಾಸ್ತ ಮೂರ್ ಸರ್ತಿ ಪುಸ್ತಕ ಮಗುಚ್ದ. ನಾ 'ಸಮಾ ಕಾಣಿ, ಸಮಾ ಕಾಣಿ' ಅಂದೇ ಅಂದೆ" ಎಂದಷ್ಟೇ ಹೇಳಿದ.

ಚಂದ್ರಮತಿ ಅತ್ತಳು. ಅಳುತ್ತಲೇ ಹೇಳಿದಳು. "ಅಪ್ಪಯ್ಯ, ನಾನ್ ಕೆಮಿಸ್ಟ್ರಿ ಮತ್ತೆ ಕಟ್ತೆ. ಈ ಸಲ ಪಾಸ್ ಮಾಡ್ತೆ."

"ಪಾಸಾದ್ ಹುಡ್ಗಿ ಮತ್ತೆ ಪರೀಕ್ಷೆಗೆ ಕೂಕಂಬುದ್ ಹ್ಯಾಂಗೆ?" ಗೋವರ್ಧನ ಕೇಳಿದ. "ಲಾಡು ಕೊಟ್ಟಾಯ್ತ್. ಬಂದರಂಗೆಲ್ಲ ಹೇಳಿ ಆಯ್ತ್. ನಾ ನಾಳಿಗೆ ಅಲ್ಲಿ ಎಂತ ಅಂದ್ಹೇಳಿ ಹೋಯ್ಕ್?"

ಅಂದಿನಿಂದ ಆ ಸುಳ್ಳು ಚಂದ್ರಮತಿಯ ಕೈಬಿಟ್ಟು ಮನೆಯ ಸೊತ್ತಾಯಿತು. ಅದನ್ನು ಸರಿಪಡಿಸುವ ಹಕ್ಕೂ ಅವಳಿಗೆ ಉಳಿಯಲಿಲ್ಲ. ಕಾಲೇಜು ಬದಲಿಸಿದ್ದಾಳೆ, ಮುಂಬಯಿಯಲ್ಲಿ ಮಾವನ ಮನೆಯಲ್ಲಿದ್ದು ಡಿಗ್ರಿ ಮುಗಿಸುತ್ತಾಳೆ ಎಂದು ಊರಿಗೆ ಹೇಳಿದರು. ಡೊಂಬಿವಿಲಿಯ ಎರಡು ಕೋಣೆಯ ಮನೆಯಲ್ಲಿ ಅವಳು ಎರಡು ವರ್ಷ ನೀರು ಹಿಡಿದಳು, ಅಕ್ಕಿ ಆರಿಸಿದಳು, ಮಾವನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಳು. ಅಪ್ಪನ ಕಾಗದದಲ್ಲಿ ಪ್ರತಿ ಸಲವೂ ಪರೀಕ್ಷೆ ಹೇಗಾಯಿತು ಎಂಬ ಸಾಲಿರುತ್ತಿತ್ತು. ಊರಿನಲ್ಲಿ ಕಾಗದವನ್ನು ಬೇರೆಯವರೂ ಓದುತ್ತಾರೆಂದು ಅವಳು 'ಚೆನ್ನಾಗಿ ಆಯಿತು' ಎಂದು ಬರೆಯುತ್ತಿದ್ದಳು. ೨೦೦೦ದಲ್ಲಿ ಊರಿಗೆ ಬಂದಾಗ ಅವಳು ಬಿ.ಎಸ್ಸಿ. ಚಂದ್ರಮತಿಯಾಗಿದ್ದಳು.

ಮುಂದಿನ ವರ್ಷ ಬ್ರಹ್ಮಾವರದ ರವಿಚಂದ್ರನೊಂದಿಗೆ ಮದುವೆಯಾಯಿತು. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು. ಡಿಗ್ರಿಯವಳು ಸಿಕ್ಕಿದಳೆಂದು ಅವನ ಮನೆಯಲ್ಲಿ ಹಿಗ್ಗು. ಮೂರು ತಿಂಗಳಾಗಿರಲಿಲ್ಲ, ಹತ್ತಿರದ ಇಂಗ್ಲಿಷ್ ಶಾಲೆಯಿಂದ ಕರೆ ಬಂತು. ವಿಜ್ಞಾನಕ್ಕೆ ಟೀಚರ್ ಬೇಕಂತೆ, ಮಾರ್ಕ್ಸ್‌ಕಾರ್ಡ್ ತಗೊಂಡು ಬಂದರೆ ಸಾಕಂತೆ. ಚಂದ್ರಮತಿ ತನಗೆ ಮೇಷ್ಟ್ರ ಕೆಲಸ ಇಷ್ಟವಿಲ್ಲ ಎಂದಳು. ಇನ್ನೊಂದು ಶಾಲೆಯಿಂದ ಕರೆ ಬಂದಾಗಲೂ ಅದನ್ನೇ ಹೇಳಿದಳು.

"ಬಿ.ಎಸ್ಸಿ. ಓದ್ಕಂಡ್ ಕುರ್ಚಿ ಒರೆಸ್ತೆ ಅಂದ್ರೆ, ಇದೆಂತ ಸೊಕ್ಕೋ ನಂಗರ್ಥ ಆತಿಲ್ಲೆ" ಎಂದಳು ಅತ್ತೆ ವನಜ. ಸೋಮಾರಿ ಎಂಬ ಹೆಸರನ್ನು ಚಂದ್ರಮತಿ ಸುಮ್ಮನೆ ಹೊತ್ತುಕೊಂಡಳು. ಒಂದು ಮಾತು ಆಡಿದರೆ ಹತ್ತು ಮಾತಿಗೆ ಉತ್ತರ ಕೊಡಬೇಕಾಗುತ್ತಿತ್ತು. ಮರುವರ್ಷ ಮಗಳು ಪ್ರೇಕ್ಷಾ ಹುಟ್ಟಿದಳು. ಸೋಮಾರಿ ಎಂಬ ಮಾತು ಅಷ್ಟರ ಮಟ್ಟಿಗೆ ತಣ್ಣಗಾಯಿತು.

ಸರ್ಟಿಫಿಕೇಟ್ ಕೇಳದ ಕೆಲಸ ಅವಳಿಗೆ ಗೊತ್ತಿದ್ದದ್ದು ಒಂದೇ. ೨೦೦೫ರಲ್ಲಿ ದುಗ್ಗಪ್ಪ ಅಂಗಡಿ ಮುಚ್ಚುತ್ತಾನೆಂಬ ಸುದ್ದಿ ತಿಳಿದು ಹೋದಳು. ಡಿಜಿಟಲ್ ಬಂದಿತ್ತು, ಕತ್ತಲೆ ಕೋಣೆಗೆ ಕೆಲಸವಿರಲಿಲ್ಲ. ಅವನ ಕ್ಯಾಮೆರಾ ತಂದಳು. ಶಾಮಿಯಾನದ ಜೊತೆಗೆ ಫೋಟೊ ಕೂಡ ನಾವೇ ಮಾಡಿಕೊಡೋಣ ಎಂದಾಗ ರವಿಚಂದ್ರ ನಕ್ಕ. ಬೇಡ ಎನ್ನಲಿಲ್ಲ.

ಅವಳ ಎರಡನೆಯ ಮದುವೆಯ ಕೆಲಸದಲ್ಲೇ ಅನಾಹುತವಾಯಿತು. ಫಿಲ್ಮ್ ರೋಲ್ ಕ್ಯಾಮೆರಾದೊಳಗಿನ ಹಲ್ಲಿಗೆ ಸಿಕ್ಕದೆ ಮುಂದಕ್ಕೆ ಸರಿದೇ ಇರಲಿಲ್ಲ. ಧಾರೆಯ ಒಂದೇ ಒಂದು ಫೋಟೊ ಬಂದಿರಲಿಲ್ಲ. ಮದುಮಗಳ ಅಣ್ಣ ಶಾಮಿಯಾನದ ಅಂಗಡಿಗೇ ಬಂದು ಬೀದಿಗೆ ಕೇಳುವಂತೆ ಬೈದ. ಚಂದ್ರಮತಿ ಮಾರನೆಯ ದಿನ ಕ್ಯಾಮೆರಾ ಹೆಗಲಿಗೇರಿಸಿ ಬೈಂದೂರಿನ ಬಸ್ಸು ಹತ್ತಿ ಆ ಮನೆಗೆ ಹೋದಳು. ಬಾಗಿಲಲ್ಲಿ ಅರ್ಧ ತಾಸು ನಿಲ್ಲಿಸಿದರು. ಕೊನೆಗೆ ತವರಿಗೆ ಬಂದಿದ್ದ ಮದುಮಗಳೇ ಒಳಗೆ ಕರೆದಳು. ಗಂಡನ ಮನೆಗೆ ಮರಳಿ ಹೊರಡುವ ಹೊತ್ತು, ಅವಳ ತಾಯಿ ಮಗಳ ಜಡೆ ಹೆಣೆಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಂದ್ರಮತಿ ಕೇಳದೆಯೇ ಅದರ ಫೋಟೊ ತೆಗೆದಳು. ಧಾರೆಯ ಫೋಟೊ ಇಲ್ಲದ ಆ ಮನೆಯ ಗೋಡೆಯಲ್ಲಿ ಜಡೆಯ ಫೋಟೊ ತೂಗಿತು. ನೋಡಿದವರು, ನಮಗೂ ಅಂಥದ್ದೇ ಬೇಕು ಎಂದು ಕೇಳಿಕೊಂಡು ಬಂದರು. ೨೦೦೯ರಲ್ಲಿ ಮಹಡಿಯ ಸ್ಟುಡಿಯೋ ಶುರುವಾಯಿತು. ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್ ಎಲ್ಲವನ್ನೂ ತಡಕಾಡಿ ಕಲಿತಳು.

೨೦೧೩ರ ಜನವರಿಯಲ್ಲಿ ಕುಂದಾಪುರದ ಒಂದು ಮಹಿಳಾ ಸಂಘದವರು ಅವಳಿಗೆ ಸನ್ಮಾನ ಇಟ್ಟುಕೊಂಡರು. ಕಾರ್ಡು ಅಚ್ಚಾಗಿ, ಹಂಚಿಯೂ ಆದ ಮೇಲೆ ಅವಳ ಕೈಗೆ ಬಂತು. 'ಶ್ರೀಮತಿ ಚಂದ್ರಮತಿ, ಬಿ.ಎಸ್ಸಿ.' ಸುಳ್ಳು ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ಅವಳಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ರವಿಚಂದ್ರ ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದಲ್ಲಿಗೆ ಹೋದಳು.

"ಹ್ವಾಯ್, ಒಂದ್ ಮಾತ್ ಹೇಳುದಿತ್ತ್."

ನಿಂತಲ್ಲೇ ಎಲ್ಲ ಹೇಳಿದಳು. ಬೋರ್ಡು, ಲಾಡು, ದುಗ್ಗಪ್ಪ, ಡೊಂಬಿವಿಲಿ, ಯಾವುದನ್ನೂ ಬಿಡಲಿಲ್ಲ. ರವಿಚಂದ್ರ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಡುವುದನ್ನೇ ಮರೆತ.

"ಹನ್ನೆರಡ್ ವರ್ಷ. ನಂಗೊಂದ್ ಮಾತ್ ಹೇಳುಕೆ ಆಯ್ಲಿಲ್ಯಾ?"

"ಹೇಳ್ವ ಅಂದ್ಕಂಡಾಗೆಲ್ಲ ಹೆದ್ರಿಕೆ ಆಯ್ತ್."

"ನನ್ ಕಂಡಾ?"

ಅವನು ಕುರ್ಚಿಗಳನ್ನು ಟೆಂಪೋಗೆ ತುಂಬಿಕೊಂಡು ಹೋದ. ಎರಡು ದಿನ ಬೇಕಾದಷ್ಟೇ ಮಾತಾಡಿದ. ಆದರೆ ಭಾನುವಾರ ಬೆಳಿಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಸ್ಕೂಟರ್ ಹೊರಗೆ ತೆಗೆದು ನಿಂತಿದ್ದ.

ಸಭೆಯಲ್ಲಿ ಗೋವರ್ಧನ ಮುಂದಿನ ಸಾಲಿನಲ್ಲಿ ಕೂತಿದ್ದ. ಚಂದ್ರಮತಿಗೆ ಯಶಸ್ಸಿನ ಹಾದಿಯ ಬಗ್ಗೆ ನಾಲ್ಕು ಮಾತಾಡಲು ಹೇಳಿದರು. ಅವಳು ಎರಡು ಮಾತಾಡಿ ಕೂರುವಷ್ಟರಲ್ಲಿ ಅಧ್ಯಕ್ಷೆ ಪ್ರೀತಿಯಿಂದಲೇ ಕೇಳಿದರು, "ಮೇಡಂ, ನೀವು ಓದಿದ ವಿಜ್ಞಾನ ಈ ಕೆಲಸಕ್ಕೆ ಹೇಗೆ ಉಪಯೋಗವಾಯಿತು?"

ಮೈಕು ಬಾಯ ಮುಂದೆಯೇ ಇತ್ತು. ಎದುರಿಗೆ ಅಪ್ಪನ ಮುಖ. ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಚಂದ್ರಮತಿ ಕತ್ತಲೆ ಕೋಣೆಯ ದ್ರಾವಣಗಳ ಬಗ್ಗೆ ಹೇಳಿದಳು, ಯಾವುದರಿಂದ ಚಿತ್ರ ಮೂಡುತ್ತದೆ, ಯಾವುದರಿಂದ ನಿಲ್ಲುತ್ತದೆ ಎಂದು. ಹೇಳಿದ್ದೆಲ್ಲ ನಿಜವೇ. ಜನ ಚಪ್ಪಾಳೆ ತಟ್ಟಿದರು. ಒಂದೊಂದು ಚಪ್ಪಾಳೆಗೂ ಎಲ್ಲೋ ಒಂದು ಬಾಗಿಲಿಗೆ ಅಗುಳಿ ಬಿದ್ದ ಹಾಗೆ ಅವಳಿಗೆ ಕೇಳಿಸಿತು.

ಸಭೆ ಮುಗಿದ ಮೇಲೆ ಗೋವರ್ಧನ ಹತ್ತಿರ ಬಂದ. "ಚಂದ ಆಯ್ತ್ ಮಗಾ."

"ಅಪ್ಪಯ್ಯ, ಇವ್ರಿಗೆ ಹೇಳಿದೆ ನಾನ್. ಎಲ್ಲ. ಇನ್ ಮೇಲೆ ಯಾರ್ ಕೇಂಡ್ರೂ ನಾನ್ ಇದ್ದದ್ದೇ ಹೇಳುದ್. ಬಿ.ಎಸ್ಸಿ. ಅಂದ್ಹೇಳಿ ಹೇಳುದ್ ಇನ್ ಬ್ಯಾಡ."

ಗೋವರ್ಧನ ಪಕ್ಕದ ಕುರ್ಚಿ ಹಿಡಿದು ಕೂತ. "ನಿಂಗ್ ಬಿಡುಕಾತ್. ನಾ ಬಂದರಂಗೆ ಹದ್ನಾರ್ ವರ್ಷ ಹೇಳ್ಕಂಡ್ ಬಂದದ್ದ್. ನಂಗೆ ಬಿಡುದ್ ಹ್ಯಾಂಗೆ ಅಂದ್ಹೇಳಿ ಗೊತ್ತಿಲ್ಲೆ ಮಗಾ." ಆ ದಿನದವರೆಗೂ ಸಿಕ್ಕಿಬಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದ ಚಂದ್ರಮತಿ, ಅಪ್ಪನ ಹೆಗಲ ಮೇಲೆ ಕೈಯಿಟ್ಟು ಅಲ್ಲೇ ಬಹಳ ಹೊತ್ತು ನಿಂತಳು. ಅವನು ಆ ಮಾತನ್ನು ಬಿಡಲಿಲ್ಲ. ತ್ರಾಸಿಯಲ್ಲಿ ಅವಳು ಈಗಲೂ ಬಿ.ಎಸ್ಸಿ.ಯೇ.

ಜೂನ್‌ನಲ್ಲಿ ಪ್ರೇಕ್ಷಾಳನ್ನು ಆರನೆಯ ಕ್ಲಾಸಿಗೆ ಬೇರೆ ಶಾಲೆಗೆ ಸೇರಿಸುವುದಿತ್ತು. ಆಫೀಸಿನ ಬೆಂಚಿನಲ್ಲಿ ಕೂತು ರವಿಚಂದ್ರ ಅರ್ಜಿ ತುಂಬುತ್ತಿದ್ದ. ತಾಯಿಯ ವಿದ್ಯಾಭ್ಯಾಸ ಎಂಬಲ್ಲಿ ಪೆನ್ನು ನಿಂತಿತು. ಅಕ್ಕಪಕ್ಕದಲ್ಲಿ ಪರಿಚಯದವರಿದ್ದರು, ಇಬ್ಬರು ಅವಳ ಸ್ಟುಡಿಯೋಗೆ ಬಂದುಹೋದವರೇ.

"ಎಂತ ಬರೀಲಿ?" ಅವನು ದನಿ ತಗ್ಗಿಸಿ ಕೇಳಿದ.

"ಎಸ್ಸೆಸ್ಸೆಲ್ಸಿ" ಎಂದಳು ಚಂದ್ರಮತಿ. ದನಿ ತಗ್ಗಿಸಲಿಲ್ಲ. ಪಕ್ಕದವಳು ತಿರುಗಿ ನೋಡಿದಳು. ರವಿಚಂದ್ರ ಹಾಗೇ ಬರೆದು, ಅರ್ಜಿಯನ್ನು ಸಹಿಗೆಂದು ಅವಳ ಕಡೆ ಸರಿಸಿದ.