ಎಂಟನೇ ಪೀರಿಯಡ್ಡಿನ ಯುಕುಲೇಲೆ

ಕೊಬ್ಬರಿ ಎಣ್ಣೆ ಹಳೆಯದಾದರೆ ಒಂದು ಬಗೆಯ ಕಮಟು ವಾಸನೆ ಬರುತ್ತದೆ. ಹೋದ ಶನಿವಾರ ಸಂಜೆ, ಲೋಧಿ ಕಾಲೋನಿಯ ಹತ್ತಿರದ ಒಂದು ಸಣ್ಣ ಸಭಾಂಗಣದ ಹೊರಗೆ, ಬಿಳಿ ಬಟ್ಟೆ ಹಾಸಿದ ಮೇಜಿನತ್ತ ಬಗ್ಗಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಮೇಜಿನ ಮೇಲೆ ಯುಕುಲೇಲೆ ಇತ್ತು. ನಾಲ್ಕು ತಂತಿಯ ಪುಟ್ಟ ವಾದ್ಯ, ನೋಡುವವರಿಗೆ ಗಿಟಾರಿನ ಮರಿಯಂತೆ ಕಾಣುತ್ತದೆ. ಮರ ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಪಕ್ಕದಲ್ಲಿ ಅದನ್ನು ನುಡಿಸುತ್ತಿದ್ದವರ ಫೋಟೋ, ಫೋಟೋಗೆ ಚೆಂಡುಹೂವಿನ ಹಾರ. ಅವರನ್ನು ಕುರಿತ ಸಾಕ್ಷ್ಯಚಿತ್ರದ ಮೊದಲ ಪ್ರದರ್ಶನ ಅಂದು. ಆಹ್ವಾನದಲ್ಲಿ ಆರೂವರೆ ಎಂದಿತ್ತು. ನಾನು ದ್ವಾರಕಾದಿಂದ ಮೆಟ್ರೋ ಹಿಡಿದು ಆರಕ್ಕೇ ಬಂದಿದ್ದೆ. ಬೇರೆ ಯಾರೂ ಬಂದಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಅವರು ಸಂಗೀತದ ಮೇಷ್ಟ್ರು. ನಾನು ಗಣಿತದ ಟೀಚರ್, ಜೊತೆಗೆ ಇಡೀ ಶಾಲೆಯ ಟೈಂಟೇಬಲ್ ನನ್ನ ಕೈಯಲ್ಲಿತ್ತು. ನನ್ನ ಅಪ್ಪ ಸೈನ್ಯದಲ್ಲಿದ್ದವರು. ಮಕ್ಕಳ ಹಾಸಿಗೆಯ ಹೊದಿಕೆಯಲ್ಲಿ ಸುಕ್ಕಿದೆಯೇ ಎಂದು ಬೆಳಗ್ಗೆ ಐದೂವರೆಗೆ ನೋಡುತ್ತಿದ್ದರು; ಇದ್ದರೆ ಮೊದಲಿನಿಂದ ಹಾಸಬೇಕು. ಹಾಗೆ ಬೆಳೆದವಳಿಗೆ ಗಂಟೆ ಹೊಡೆದ ಮೇಲೆ ಇನ್ನೊಂದು ಮಾತಿಲ್ಲ. ದೊಡ್ಡ ಚಾರ್ಟ್ ಹಾಳೆಯ ಮೇಲೆ ಸ್ಕೇಲಿಟ್ಟು ಚೌಕ ಎಳೆದು, ಮೊದಲು ಪೆನ್ಸಿಲ್‌ನಲ್ಲಿ ತುಂಬಿಸಿ, ಎಲ್ಲ ಸರಿಹೋದ ಮೇಲೆ ಶಾಯಿಯಲ್ಲಿ ತಿದ್ದುತ್ತಿದ್ದೆ. ಇಪ್ಪತ್ತೆರಡು ವರ್ಷ ಆ ಚಾರ್ಟಿನಲ್ಲಿ ಒಂದು ತಪ್ಪೂ ಬರಲಿಲ್ಲ ಎಂದು ನನ್ನ ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಹೊಗಳಿದರು.

ಮೇಷ್ಟ್ರು ಕೋಲಾರದ ಚಿನ್ನದ ಗಣಿಯ ಕಡೆಯವರು. ಗಣಿಯ ಕ್ಲಬ್ಬಿನಲ್ಲಿ ಯಾರೋ ಬಿಟ್ಟುಹೋಗಿದ್ದ ಯುಕುಲೇಲೆಯಲ್ಲಿ ಕಲಿತವರು. ಗಣಿ ಮುಚ್ಚಿದ ಮೇಲೆ ದಿಲ್ಲಿಗೆ ಬಂದು, ಗುತ್ತಿಗೆಯ ಮೇಲೆ ನಮ್ಮಲ್ಲಿ ಸೇರಿದ್ದರು. ಸ್ಟಾಫ್ ರೂಮಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಟೈಂಟೇಬಲ್ ಕೈಲಿಟ್ಕೊಂಡೋರು ಎಲ್ರಿಗೂ ಅಕ್ಕನೇ" ಎಂದಿದ್ದರು.

ಚಳಿಗಾಲದಲ್ಲಿ ಅವರ ಕೊಬ್ಬರಿ ಎಣ್ಣೆಯ ಬಾಟಲಿ ಸ್ಟಾಫ್ ರೂಮಿನ ಕಿಟಕಿಯಲ್ಲಿರುತ್ತಿತ್ತು. ಗಟ್ಟಿಯಾದ ಎಣ್ಣೆ ಬಿಸಿಲಿಗೆ ಕರಗಬೇಕು. ಕರಗಿದ ಮೇಲೆ ಹತ್ತಿಯಲ್ಲಿ ಅದ್ದಿ ವಾದ್ಯದ ಮೈಗೆಲ್ಲ ಸವರುತ್ತಿದ್ದರು. ದಿಲ್ಲಿಯ ಒಣ ಚಳಿಗೆ ಮರ ಬಿರುಕು ಬಿಡುತ್ತದೆ ಎಂದು ಅವರ ಭಯ. ಇದು ದೊಡ್ಡದಾದ ಮೇಲೆ ಗಿಟಾರ್ ಆಗುತ್ತದೆಯೇ ಎಂದು ಫಿಸಿಕ್ಸ್ ಸರ್ ಒಮ್ಮೆ ಹಿಂದಿಯಲ್ಲಿ ಕಿಚಾಯಿಸಿದರು. ನೀವು ದೊಡ್ಡವರಾದ ಮೇಲೆ ಪ್ರಿನ್ಸಿಪಾಲ್ ಆದಿರಾ ಎಂದು ಮೇಷ್ಟ್ರು ತಲೆಯೆತ್ತದೆ ಕೇಳಿದರು. ಎಲ್ಲರೂ ನಕ್ಕರು. ನಾನು ಮಾತ್ರ ಆ ಬಾಟಲಿ ಕಿಟಕಿಯಲ್ಲಿ ಇರಬಾರದು, ಕರ್ಟನ್ನಿಗೆ ಜಿಡ್ಡು ಹತ್ತುತ್ತದೆ ಎಂದೆ.

ಅವರಿಗೆ ನಾನು ಕೊಟ್ಟಿದ್ದು ಎಂಟನೇ ಪೀರಿಯಡ್, ದಿನದ ಕೊನೆಯದು. ಮಕ್ಕಳು ದಣಿದಿರುತ್ತಾರೆ, ಪಾಠ ತಲೆಗೆ ಹೋಗುವುದಿಲ್ಲ, ಹಾಡಿಕೊಂಡಿರಲಿ ಎಂಬ ಲೆಕ್ಕ. ಪಕ್ಕದ ಕೋಣೆಯಲ್ಲಿ ಅದೇ ಹೊತ್ತಿಗೆ ನನ್ನ ಹತ್ತನೇ ತರಗತಿ. ಬೀಜಗಣಿತ ಬಿಡಿಸುತ್ತ ಬೋರ್ಡಿನಿಂದ ತಿರುಗಿದರೆ ನನ್ನ ಮಕ್ಕಳು ಗೋಡೆಯಾಚೆಯ ತಾಳಕ್ಕೆ ಪೆನ್ಸಿಲ್‌ನಿಂದ ಡೆಸ್ಕ್ ತಟ್ಟುತ್ತಿದ್ದರು. ತಾವು ತಟ್ಟುತ್ತಿದ್ದೇವೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ... ನನ್ನ ಪಾಠಕ್ಕೆ ಆ ಮುಖಗಳು ಒಂದು ದಿನವೂ ಹಾಗೆ ಅರಳಿದ್ದಿಲ್ಲ.

ಇನ್ನೊಂದು ದೂರು, ಗಂಟೆಯದು. ಗಂಟೆ ಹೊಡೆದರೂ ಅವರು ಹಾಡು ಮುಗಿಸದೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಬಸ್ಸು ಕಾಯುತ್ತಿರುತ್ತಿತ್ತು. ನಾನು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

"ಮೇಷ್ಟ್ರೇ, ಗಂಟೆ ಹೊಡೀತು."

"ಹೊಡೀಲಿ ಅಕ್ಕ. ಅದಕ್ಕೆ ತಾಳ ಗೊತ್ತಿಲ್ಲ."

ಮಕ್ಕಳಿಗೆ ಕನ್ನಡ ತಿಳಿಯದಿದ್ದರೂ ನಗುತ್ತಿದ್ದರು. ನಾನು ಹಿಂತಿರುಗಿ ಬಂದು ತಡವಾದ ನಿಮಿಷಗಳನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೆ. ಹಾಗೆ ಬರೆಯಲು ಯಾರೂ ಹೇಳಿರಲಿಲ್ಲ.

ಒಂದು ವರ್ಷ ಏಪ್ರಿಲಿನ ಹೊಸ ಚಾರ್ಟಿನಲ್ಲಿ ಆ ಪೀರಿಯಡ್ಡುಗಳನ್ನು ತೆಗೆದು ಗಣಿತದ ಹೆಚ್ಚುವರಿ ತರಗತಿಗೆ ಹಾಕಿದೆ. ಬೋರ್ಡ್ ಪರೀಕ್ಷೆಯ ಕಾರಣ ಕೊಟ್ಟೆ, ತಡವಾದ ನಿಮಿಷಗಳ ಪಟ್ಟಿಯನ್ನೂ ಲಗತ್ತಿಸಿದೆ. ವಾರಕ್ಕೆ ಇಂತಿಷ್ಟು ಪೀರಿಯಡ್ ಇಲ್ಲದಿದ್ದರೆ ಗುತ್ತಿಗೆಯವರನ್ನು ಮುಂದುವರಿಸುವುದಿಲ್ಲ ಎಂಬುದು ಆಡಳಿತದ ನಿಯಮ. ಅದು ನನಗೆ ಗೊತ್ತಿತ್ತು. ಎಷ್ಟು ಕಡಿಮೆ ಬೀಳುತ್ತದೆ ಎಂದೂ ಗೊತ್ತಿತ್ತು.

ಮೇಷ್ಟ್ರು ಒಂದೇ ಸಲ ಬಂದು ಕೇಳಿದರು. ನನ್ನ ಮೇಜಿನ ಮುಂದೆ ನಿಂತೇ ಇದ್ದರು.

"ಅಕ್ಕ, ಎರಡು ಪೀರಿಯಡ್ ಎಲ್ಲಾದ್ರೂ ತೂರಿಸಿ. ಆರನೇ ಕ್ಲಾಸಾದ್ರೂ ಸರಿ, ಒಂದನೇ ಕ್ಲಾಸಾದ್ರೂ ಸರಿ."

"ಚಾರ್ಟ್ ಫೈನಲ್ ಆಗಿದೆ ಮೇಷ್ಟ್ರೇ."

ಚಾರ್ಟ್ ನನ್ನ ಡ್ರಾಯರಿನಲ್ಲಿತ್ತು. ಇನ್ನೂ ಪೆನ್ಸಿಲ್‌ನಲ್ಲೇ ಇತ್ತು. ಒಂದು ರಬ್ಬರು, ಐದು ನಿಮಿಷ... ಅಷ್ಟೇ ಬೇಕಾಗಿದ್ದದ್ದು. ಅವರು "ಸರಿ ಅಕ್ಕ" ಎಂದು ಕಿಟಕಿಯಲ್ಲಿದ್ದ ಬಾಟಲಿ ತೆಗೆದುಕೊಂಡು ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಪೀತಮ್‌ಪುರದ ಪಾರ್ಕೊಂದರಲ್ಲಿ ಬೆಳಗ್ಗೆ ಮಕ್ಕಳಿಗೆ ಕಲಿಸುತ್ತಿದ್ದಾರೆ, ಅಲ್ಲಿ ದೊಡ್ಡ ಗುಂಪೇ ಸೇರುತ್ತದೆ ಎಂದು ವರ್ಷಗಳ ನಂತರ ಕೇಳಿದೆ. ಎರಡು ಚಳಿಗಾಲದ ಹಿಂದೆ ತೀರಿಕೊಂಡರೆಂದೂ ಕೇಳಿದೆ. ಮೆಟ್ರೋದಲ್ಲಿ ಹೋದರೆ ಪೀತಮ್‌ಪುರ ದೂರವೇನಲ್ಲ.

ಸಿನಿಮಾ ಮಾಡಿದ ಹುಡುಗಿ ನಮ್ಮಿಬ್ಬರಿಗೂ ವಿದ್ಯಾರ್ಥಿನಿ. ಮೈಸೂರಿನ ಕಡೆಯ ಕುಟುಂಬ, ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲಿ. ಕಳೆದ ವರ್ಷ ಕ್ಯಾಮೆರಾ ತಂದು ನನ್ನನ್ನು ಮನೆಯ ಸೋಫಾದ ಮೇಲೆ ಕೂರಿಸಿ, "ಸರ್ ಸ್ಕೂಲ್ ಯಾಕೆ ಬಿಟ್ರು ಮ್ಯಾಮ್?" ಎಂದು ಕೇಳಿದ್ದಳು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು, ಹೇಳಬೇಕಾದುದನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. "ಅವರಾಗಿಯೇ ಬಿಟ್ಟರು. ಅಂಥ ಕಲಾವಿದರಿಗೆ ಶಾಲೆಯ ಚೌಕಟ್ಟು ಇಕ್ಕಟ್ಟಾಗುತ್ತದೆ" ಎಂದೆ.

ಶನಿವಾರ ಸಭಾಂಗಣ ತುಂಬಿತು. ಪಾರ್ಕಿನಲ್ಲಿ ಕಲಿತವರೇ ಹೆಚ್ಚು. ಕೆಲವರು ತಮ್ಮ ಯುಕುಲೇಲೆಗಳನ್ನೂ ತಂದಿದ್ದರು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಕೂತ ಬೂದು ಶಾಲಿನ ಹೆಂಗಸು ಮೇಷ್ಟ್ರ ಹೆಂಡತಿ ಎಂದು ಆಗಲೇ ತಿಳಿದದ್ದು.

ಸಿನಿಮಾದ ನಡುವೆ ಪರದೆ ಕಪ್ಪಾಯಿತು. ಬರೀ ಶಬ್ದ. ಹುಡುಗಿ ಎಂಟನೇ ತರಗತಿಯಲ್ಲಿದ್ದಾಗ ಡೆಸ್ಕಿನ ಕೆಳಗೆ ಫೋನ್ ಬಚ್ಚಿಟ್ಟು ಮಾಡಿದ ರೆಕಾರ್ಡಿಂಗ್. ಅಂದು ಕಣ್ಣಿಗೆ ಬಿದ್ದಿದ್ದರೆ ನಾನೇ ಕಿತ್ತುಕೊಂಡಿರುತ್ತಿದ್ದೆ. ಯುಕುಲೇಲೆ, ಮಕ್ಕಳ ದನಿ, ಆಮೇಲೆ ಗಂಟೆ. ವಾದ್ಯ ನಿಲ್ಲಲಿಲ್ಲ. ಬಾಗಿಲಿನ ಕಡೆಯಿಂದ ಒಂದು ಹೆಣ್ಣುದನಿ: "ಮೇಷ್ಟ್ರೇ, ಗಂಟೆ ಹೊಡೀತು." ಕೆಳಗೆ ಬಂದ ಇಂಗ್ಲಿಷ್ ಸಾಲು ಓದಿ ಸಭೆಯೆಲ್ಲ ನಕ್ಕಿತು. ಅದು ಯಾರ ದನಿ ಎಂದು ಅವರಿಗೆ ಗೊತ್ತಿರಲಿಲ್ಲ. ಮರುಕ್ಷಣ ಪರದೆಯ ತುಂಬ ನನ್ನ ಮುಖ, ನನ್ನ ಸೋಫಾ. ಅವರಾಗಿಯೇ ಬಿಟ್ಟರು, ಎಂದಿತು ಆ ಮುಖ. ಯಾರೋ ಚಪ್ಪಾಳೆ ತಟ್ಟಿದರು.

ದೀಪ ಹತ್ತಿದ ಮೇಲೆ ಮೇಷ್ಟ್ರ ಹೆಂಡತಿ ನನ್ನ ಕೈ ಹಿಡಿದರು.

"ಸರಿಯಾಗಿ ಹೇಳಿದ್ರಿ ಮೇಡಂ. ಮನೇಲೂ ಹಾಗೇ ಹೇಳಿದ್ರು. ನಾನೇ ಬಿಟ್ಟೆ, ಆ ಗಂಟೆ ಸಾಕಾಯ್ತು ಅಂದ್ರು. ಇದ್ದ ಕೆಲಸ ಒದ್ದು ಬಂದ್ರಲ್ಲ ಅಂತ ಎರಡು ವರ್ಷ ನಾನು ಸರಿಯಾಗಿ ಮಾತಾಡ್ಲಿಲ್ಲ. ತಟ್ಟೇನ ಎದುರಿಗಿಟ್ಟು ಒಳಗೆ ಹೋಗ್ತಿದ್ದೆ. ಇವತ್ತು ಈ ಜನ ನೋಡಿ, ಬಿಟ್ಟಿದ್ದೇ ಒಳ್ಳೇದಾಯ್ತೇನೋ ಅನ್ನಿಸ್ತು."

ಸುಮ್ಮನಿದ್ದರೆ ಆಗುತ್ತಿತ್ತು. ಹಾಗೆಂದು ಈಗಲೂ ಕೆಲವೊಮ್ಮೆ ಅನ್ನಿಸುತ್ತದೆ. ಆದರೆ ಆ ಎರಡು ವರ್ಷಗಳನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅವರು ಬಿಡಲಿಲ್ಲಮ್ಮ, ಬಿಡಿಸಿದ್ದು ನಾನು ಎಂದೆ. ಪೆನ್ಸಿಲ್ ವಿಷಯವನ್ನೂ ಹೇಳಿದೆ. ಅವರು ಬಂದು ಕೇಳಿಕೊಂಡದ್ದನ್ನೂ ಹೇಳಿದೆ.

ಆಕೆ ನನ್ನ ಕೈಯನ್ನು ಬಿಟ್ಟದ್ದು ಯಾವಾಗ ಎಂದು ತಿಳಿಯಲಿಲ್ಲ.

"ಎರಡು ಪೀರಿಯಡ್ ಕೇಳಿದ್ರಾ?"

"ಹೌದು."

"ಯಾರನ್ನೂ ಏನೂ ಕೇಳ್ತಿರ್ಲಿಲ್ಲ ಅವರು. ನನ್ನ ಹತ್ರ ಒಂದು ಲೋಟ ನೀರನ್ನೂ ಕೇಳ್ತಿರ್ಲಿಲ್ಲ."

ಅಷ್ಟೇ. ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಮೇಜಿನ ಮೇಲಿದ್ದ ಯುಕುಲೇಲೆಯನ್ನು ಒಂದು ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡರು. ಫೋಟೋ ಹಿಡಿಯಲೆಂದು ನಾನು ಕೈ ಚಾಚಿದೆ. "ಬೇಡ" ಎಂದರು, ತಗ್ಗಿದ ದನಿಯಲ್ಲೇ. ಅವರನ್ನು ಕರೆದುಕೊಂಡು ಹೋಗಲು ಬಂದಿದ್ದ ಕಾರು ಗೇಟಿನಲ್ಲಿ ನಿಂತಿತ್ತು. ತಿರುಗಿ ನೋಡಲಿಲ್ಲ.

ನಾನು ಸಿನಿಮಾದ ಹುಡುಗಿಯನ್ನು ಹುಡುಕಿ, ನನ್ನ ಮಾತು ಸುಳ್ಳು, ತೆಗೆದುಹಾಕು, ಇಲ್ಲವೇ ಇನ್ನೊಮ್ಮೆ ಕ್ಯಾಮೆರಾ ತಾ, ನಿಜ ಹೇಳುತ್ತೇನೆ ಎಂದೆ. ಅವಳು ನನ್ನನ್ನೇ ನೋಡಿದಳು. ಸುತ್ತಲೂ ಅವಳನ್ನು ಅಭಿನಂದಿಸಲು ಜನ ನಿಂತಿದ್ದರು.

"ಅಬ್ ತೋ ಫಿಲ್ಮ್ ಲಾಕ್ ಆಗಿದೆ ಮ್ಯಾಮ್, ಇನ್ನು ಏನೂ ಬದಲಾಯಿಸೋಕಾಗಲ್ಲ," ಎಂದಳು. "ನಿಮ್ಮ ಆ ಲೈನ್ ಮೇಲೇ ಸೆಕೆಂಡ್ ಹಾಫ್ ನಿಂತಿದೆ."

ಅಂಥ ಉತ್ತರ ಕೊಡುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಇವತ್ತು ಬೆಳಗ್ಗೆ ಐದೂವರೆಗೆ ಎದ್ದೆ, ಹಾಸಿಗೆ ಸರಿಮಾಡಿದೆ. ಕೊಬ್ಬರಿ ಎಣ್ಣೆಯ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತಿತ್ತು. ಹೊತ್ತೇರಿದ ಮೇಲೆ ಅದನ್ನು ತಂದು ಬಾಲ್ಕನಿಯ ಬಿಸಿಲಿಗಿಟ್ಟೆ. ಅದು ಕರಗುವವರೆಗೆ ಅಲ್ಲೇ ಕೂತಿದ್ದೆ. ಮೇಷ್ಟ್ರು ಮನೆಯಲ್ಲಿ ಆ ಸುಳ್ಳು ಯಾಕೆ ಹೇಳಿದರು? ತಮ್ಮ ಮಾನಕ್ಕೋ, ಇಲ್ಲ ನನ್ನ ಹೆಸರು ಬಾರದಿರಲೆಂದೋ... ಕೇಳಿ ತಿಳಿಯೋಣವೆಂದರೆ ಅವರಿಲ್ಲ.

ಸಿನಿಮಾ ಮುಂದಿನ ತಿಂಗಳು ಪುಣೆಗೆ ಹೋಗುತ್ತದಂತೆ, ಆಮೇಲೆ ಕೋಲಾರಕ್ಕೆ. ಅಲ್ಲಿಯೂ ಗಂಟೆ ಹೊಡೆಯುತ್ತದೆ, ಅವರು ನುಡಿಸುತ್ತಲೇ ಇರುತ್ತಾರೆ, ನಾನು ಬಾಗಿಲಿಗೆ ಬರುತ್ತೇನೆ. ಜನ ನಗುತ್ತಾರೆ. ಆಮೇಲೆ ನಾನು ಸೋಫಾದ ಮೇಲೆ ನೆಟ್ಟಗೆ ಕೂತು, ಅವರಾಗಿಯೇ ಬಿಟ್ಟರು ಎನ್ನುತ್ತೇನೆ. ಅವರ ಊರಿನವರೂ ಅದನ್ನು ನಂಬುತ್ತಾರೆ. ನನ್ನ ಉಚ್ಚಾರ ಸ್ಪಷ್ಟವಾಗಿದೆ, ಕೊನೆಯ ಬೆಂಚಿನವರಿಗೂ ಕೇಳಿಸುತ್ತದೆ.