ಅತ್ತೆ ಇಟ್ಟ ಉಣ್ಣೆಯ ಎಳೆ

ಐವತ್ತೆಂಟನೇ ಇಸವಿ, ಸುಗ್ಗಿ ಮುಗಿದ ಹೊತ್ತು. ಸೊರಬದ ಹತ್ತಿರದ ಜಡೆ ಎಂಬ ಊರಿನಲ್ಲಿ ಹುಟ್ಟಿ ಏಳನೇ ಕ್ಲಾಸಿನವರೆಗೆ ಓದಿದ್ದ ನನ್ನನ್ನು ಶಿಕಾರಿಪುರದ ಕುರಿ ಸಾಕುವ ಮನೆಯೊಂದಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ಗಂಡ ಊರಿಗೆ ಉಪಕಾರಿ, ಮನೆಗೆ ಮಾರಿ. ಸಾರಿಗೆ ಉಪ್ಪು ಕಮ್ಮಿಯಾದರೂ ಹೊಡೆತ, ಹೆಚ್ಚಾದರೂ ಹೊಡೆತ. ಸರಿಯಾಗಿದ್ದ ದಿನ ಬೇರೆ ಕಾರಣ ಹುಡುಕುವ ಕಷ್ಟ ಅವನದು. ಅತ್ತೆ ನಿಂಗವ್ವ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಅವನು ಹೊರಗೆ ಹೋದ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ನನ್ನ ಬೆನ್ನಿಗೆ ಶಾಖ ಕೊಡುತ್ತಿದ್ದರು. ಆ ಮೌನಕ್ಕಾಗಿ ಅವರ ಮೇಲೂ ನನಗೆ ಸಿಟ್ಟಿತ್ತು.

ಆದರೆ ಸೊಸೆಗೆ ಓದು ಬರುತ್ತದೆ ಎಂಬ ಹೆಮ್ಮೆ ಅತ್ತೆಗೆ ಬಹಳ. ಮಧ್ಯಾಹ್ನ ಉಂಡಾದ ಮೇಲೆ ಕೇರಿಯ ನಾಲ್ಕೈದು ಹೆಂಗಸರು ನಮ್ಮ ಜಗಲಿಗೆ ಬಂದು ಕಂಬಳಿಗೆ ಉಣ್ಣೆ ನೂಲುವರು. ನಾನು ಗಟ್ಟಿಯಾಗಿ ಕಥೆ ಓದಬೇಕು. ಓದು ನಿಲ್ಲಿಸಿದ ಹಾಳೆಗೆ ಅತ್ತೆ ಒಂದು ಕರಿ ಉಣ್ಣೆಯ ಎಳೆ ಇಡುವರು. ಅಕ್ಷರ ಬಾರದ ಅವರಿಗೆ ಪುಸ್ತಕದ ಮೇಲೆ ಇದ್ದ ಅಧಿಕಾರ ಅದೊಂದೇ.

ಆ ಸಲ ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ಒಂದು ಕಾದಂಬರಿ ಕೊಟ್ಟಿದ್ದರು. ರಟ್ಟು ಹರಿದಿತ್ತು, ಹೆಸರು ಇವತ್ತಿಗೂ ಗೊತ್ತಿಲ್ಲ. ಗಂಡನಿಂದ ದಿನಾ ಏಟು ತಿನ್ನುವ ಹೆಂಗಸಿನ ಕಥೆ. ನಾನು ಓದುತ್ತಿದ್ದರೆ ನೂಲುವ ಕದಿರುಗಳೆಲ್ಲ ನಿಂತುಬಿಡುತ್ತಿದ್ದವು. ಐದನೇ ದಿನ ಹಾಳೆ ತಿರುಗಿಸಿದರೆ, ಅವಳು ಟ್ರಂಕು ಹಿಡಿದು ಹೊಸಿಲು ದಾಟಿದ್ದಾಳೆ.

ಇದನ್ನು ಓದಿದರೆ, ಸೊಸೆ ಮನೆ ಬಿಡುವ ಪಾಠ ಕಲಿಯುತ್ತಿದ್ದಾಳೆ ಎಂದುಕೊಂಡಾರು, ಮಾತು ಗಂಡನ ಕಿವಿಗೂ ಬಿದ್ದೀತು. ಕಣ್ಣನ್ನು ಹಾಳೆಯ ಮೇಲಿಟ್ಟುಕೊಂಡೇ ಬಾಯಿಗೆ ಬಂದದ್ದು ಓದಿದೆ. ಗಂಡ ಅವಳ ಕೈ ಹಿಡಿದು ಅತ್ತ, ತಪ್ಪಾಯಿತೆಂದ, ಇಬ್ಬರೂ ನೂರು ಕಾಲ ಬಾಳಿದರು. ಸಾಲದ್ದಕ್ಕೆ ಅವನಿಂದ ಕಾಶಿಯಾತ್ರೆಯನ್ನೂ ಮಾಡಿಸಿದೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. ಅತ್ತೆ ಎಂದಿನಂತೆ ಎಳೆ ಇಟ್ಟು ಪುಸ್ತಕ ಮುಚ್ಚಿದರು.

ಮಾರನೇ ದಿನ ಬೆಳಿಗ್ಗೆ ಗಂಡ ಕುರಿ ಸಂತೆಗೆಂದು ಹಾವೇರಿ ಕಡೆ ಹೊರಟ. ಎರಡು ದಿನ ಬರುವುದಿಲ್ಲ. ನಾನು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಪುಸ್ತಕ ತಂದು ಎದುರು ಕೂತರು.

"ಕಥಿ ಮುಗೀತು ಅಂದೆ. ನನ್ ಎಳೆ ಇಲ್ಲೈತೆ. ಇದರಾಚೆ ಇನ್ನೂ ಬೆರಳು ದಪ್ಪ ಹಾಳಿ ಅದಾವಲ್ಲ, ಅವುಕ್ಕೇನು ಕೆಲಸ?"

ನಾನು ಹಿಟ್ಟಿನ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡೆ.

"ಇದ್ದದ್ದು ಇದ್ದಂಗೆ ಓದು."

ಓದಿದೆ. ಅವಳು ತವರಿಗೆ ಹೋದದ್ದು, ಜನರ ಮಾತು ಕೇಳಿದ್ದು, ಕೊನೆಗೆ ಹೊಲಿಗೆ ಕಲಿತು ತನ್ನ ಕಾಲ ಮೇಲೆ ನಿಂತದ್ದು. ರೊಟ್ಟಿ ಸೀದದ್ದು ಇಬ್ಬರಿಗೂ ತಿಳಿಯಲಿಲ್ಲ. ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಅತ್ತೆ ಕೇಳಿದರು, "ಅಕಿ ಹೊಂಟಾಗ ಅತ್ತಿ ಏನಂದ್ಲು?"

"ಅತ್ತೆ ವಿಷಯ ಏನೂ ಬರೆದಿಲ್ಲ."

"ಮನ್ಯಾಗೇ ಇದ್ದಿರಬೇಕಲ್ಲ," ಎಂದರು. ಎದ್ದು ಹೋಗಿ ನನ್ನ ಟ್ರಂಕು ಎಳೆದು ತಂದರು. "ಸೊರಬದ ಬಸ್ಸು ಬರೋ ಹೊತ್ತಾತು. ನಡಿ."

ಟ್ರಂಕನ್ನು ಅವರೇ ತಲೆ ಮೇಲೆ ಹೊತ್ತರು. ದಾರಿಯಲ್ಲಿ ಕೇಳಿದವರಿಗೆಲ್ಲ, "ಸೊಸೀನ ತವರಿಗೆ ಕಳಿಸ್ತಿದೀನ್ರೀ" ಎಂದು ತಾವೇ ಹೇಳಿದರು. ಬಸ್ಸಿನ ಹತ್ತಿರ ನಾನು ಅವರ ಕೈ ಹಿಡಿದು ಕೇಳಿದೆ, "ಅತ್ತೆ, ಅವ್ರು ಬಂದು ನಿಮ್ಮ ಮೇಲೆ ಕೈ ಮಾಡಿದ್ರೆ?"

"ನನ್ ಮೇಲೆ ಕೈ ಎತ್ತೋ ಧೈರ್ಯ ಅವನಿಗಿಲ್ಲ," ಎಂದರು. "ಅವರಪ್ಪಂಗಿತ್ತು."

ಬಸ್ಸು ಹೊರಟ ಮೇಲೆ ನಾನು ಅತ್ತದ್ದು ಗಂಡನಿಗಾಗಿ ಅಲ್ಲ. ಎರಡು ವರ್ಷ ಆ ಶಾಖದ ಕೈಯನ್ನು ತಪ್ಪು ತಿಳಿದಿದ್ದೆನಲ್ಲ ಎಂದು.

ಅಪ್ಪ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಮೂರನೇ ದಿನ, "ಇಲ್ಲೇ ಇರು ಮಾರಾಯ್ತಿ" ಎಂದ. ಗಂಡ ಒಂದು ಸಲ ಕರೆಯಲು ಬಂದ, ನಾನು ಹೋಗಲಿಲ್ಲ. ಮುಂದೆ ಓದಿ, ಸೊರಬದ ಶಾಲೆಯಲ್ಲಿ ಟೀಚರಾಗಿ, ನೆಮ್ಮದಿಯಾಗಿ ಬದುಕಿದೆ. ಆ ಪುಸ್ತಕವೂ ಟ್ರಂಕಿನೊಳಗೇ ಬಂದುಬಿಟ್ಟಿತ್ತು. ಮೇಷ್ಟ್ರ ಹೆಂಡತಿಗೆ ವಾಪಸು ಕೊಡಲಿಲ್ಲ, ಅದೊಂದು ಕಳ್ಳತನ ನನ್ನ ಹೆಸರಿನಲ್ಲಿದೆ.

ನಾನು ತವರಿಗೆ ಬಂದ ಮೂರು ವರ್ಷದ ಮೇಲೆ ಅತ್ತೆ ಹೊಸ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಜಡೆಗೆ ಬಂದರು. ಊಟ ಮಾಡಿ ಗೋಡೆಗೆ ಒರಗಿ, "ಒಂದು ಕಥಿ ಓದವ್ವ," ಎಂದರು. ನಾನು ಪುಸ್ತಕ ತೆಗೆದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ನಕ್ಕರು.

"ಹಾಳಿ ಹಾರಿಸಬ್ಯಾಡ. ನಂಗೊತ್ತಾಕ್ಕತಿ."