ಎರಡನೇ ಸಲ ಕೇಳಲಿಲ್ಲ

ಭದ್ರಾವತಿ ಹಳೇನಗರದ ಬಸವರಾಜೇಶ್ವರಿಗೆ ಬೇಕಾಗಿದ್ದು ಒಂದೇ: ತಾನು ಕಟ್ಟಿದ ತರಗತಿಗೆ ತಾನೇ ಮುಖ್ಯಸ್ಥೆ ಅನ್ನಿಸಿಕೊಳ್ಳುವುದು. ಆಸೆ ದೊಡ್ಡದೇನಲ್ಲ. ಆದರೆ ಬೇಕು ಅಂತ ಬಾಯಿಬಿಟ್ಟು ಹೇಳುವುದನ್ನು ಅವಳ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಶಿವಮೊಗ್ಗದ ದುರ್ಗಿಗುಡಿಯ ಹತ್ತಿರ ಒಂದು ಖಾಸಗಿ ಕಾಲೇಜು. ತಾಂಜಾನಿಯಾ, ಸೂಡಾನ್, ಯೆಮೆನ್ ಕಡೆಯ ಹುಡುಗ ಹುಡುಗಿಯರು ಎಂ.ಎಸ್ಸಿ., ಎಂ.ಬಿ.ಎ. ಓದಲು ಅಲ್ಲಿಗೆ ಬರುತ್ತಾರೆ. ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಪ್ರಬಂಧ ಬರೆಯಿರಿ ಅಂದರೆ ಮಾತ್ರ ತಡಬಡಾಯಿಸುತ್ತಾರೆ. ಪಾಠಗಳು ಶುರುವಾಗುವ ಮುಂಚೆ ಅವರನ್ನು ತಿದ್ದಿ ತೀಡುವುದು ಬಸವರಾಜೇಶ್ವರಿಯ ಕೆಲಸ. ಓದಿದ್ದರ ಸಾರ ತೆಗೆಯುವುದು, ಯಾರ ಮಾತನ್ನು ಎಲ್ಲಿಂದ ತಂದದ್ದು ಅಂತ ಹೇಳುವುದು, ತನ್ನ ವಾದವನ್ನು ಅಂಜದೆ ಮಂಡಿಸುವುದು, ಎಲ್ಲವನ್ನೂ ಅವಳೇ ಪಾಠ ಮಾಡಿ ಜೋಡಿಸಿಟ್ಟಿದ್ದಳು. ಇಷ್ಟಾದರೂ ಎಷ್ಟೋ ವರ್ಷದಿಂದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಬೆಳಗಾದರೆ ಮಾಚೇನಹಳ್ಳಿಯ ಧೂಳು ಕುಡಿಯುತ್ತಾ ಬಸ್ಸಿನಲ್ಲಿ ನೇತಾಡಿಕೊಂಡು ಬರಬೇಕು. ಯಾವ ಊರಲ್ಲಿ ಅತಿಥಿಗೆ ಇಂಥ ಸತ್ಕಾರ ಮಾಡುತ್ತಾರೋ ಕಾಣೆ.

ಆ ವರ್ಷ ತಾಂಜಾನಿಯಾದ ನೀಮಾ ಎಂಬ ಹುಡುಗಿ ಬಂದಿದ್ದಳು. ಮಣ್ಣಿನ ಸವಕಳಿಯ ಬಗ್ಗೆ ಬರೆಯಬೇಕಾದ ಪ್ರಬಂಧದಲ್ಲಿ ಮೊದಲ ಪುಟವೆಲ್ಲ ಗುರುಹಿರಿಯರ ಸ್ಮರಣೆಗೇ ಮುಗಿದಿತ್ತು. ನೀನು ಹೇಳುವುದಾದರೂ ಏನು ಅಂತ ಕೇಳಿದರೆ, "ಅದು ಕೊನೆಯಲ್ಲಿದೆ ಮೇಡಂ. ಮೊದಲೇ ಹೇಳಿದರೆ ಸೊಕ್ಕು ಅಂದುಕೊಳ್ಳುವುದಿಲ್ಲವೇ?" ಎಂದಳು.

ಬಸವರಾಜೇಶ್ವರಿಗೆ ತನ್ನ ಅವ್ವನೇ ಎದುರು ನಿಂತು ಮಾತಾಡಿದ ಹಾಗಾಯಿತು. "ನಿನ್ನ ಪ್ರಬಂಧ ಓದುವವರು ನಿನ್ನ ನೆಂಟರಲ್ಲ ಕಣೇ," ಎಂದು ನಕ್ಕಳು. "ಇನ್ನೊಂದು ಸಲ ಹೇಳು ಅಂತ ಯಾರೂ ಕೇಳುವುದಿಲ್ಲ. ಹೇಳುವುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡು." ನೀಮಾ ಕಲಿತಳು. ಕಲಿಸಿದವಳು ಕಲಿಯಲಿಲ್ಲ.

ತರಗತಿ ಬೆಳೆದು ವಿಭಾಗವಾಯಿತು, ವಿಭಾಗಕ್ಕೆ ಕಾಯಂ ಮುಖ್ಯಸ್ಥರು ಬೇಕಾದರು. ಕಾಲೇಜಿನ ಕಾರ್ಯದರ್ಶಿ ಶಿವಯೋಗಿಯವರು ಸಭೆ ಕರೆದರು. ಅವರು ಬಸವರಾಜೇಶ್ವರಿಯ ಗಂಡ ಓಂಕಾರಪ್ಪನ ಕಡೆಯಿಂದ ದೂರದ ನೆಂಟರೂ ಹೌದು. ಎಲ್ಲರ ಮುಂದೆಯೇ ಕೇಳಿದರು:

"ಮೇಡಂ, ಈ ಜವಾಬ್ದಾರಿ ನೀವೇ ತಗೊಳ್ರಿ. ಏನಂತೀರ?"

ಅವಳು ಕಾದಿದ್ದ ಮಾತು ಬಂದೇ ಬಂತು. ಆದರೆ ನಾಲಿಗೆ ತನ್ನ ಪಾಡಿಗೆ ತಾನು, "ಅಯ್ಯೋ, ನನಗ್ಯಾಕೆ ಸಾರ್ ಅದೆಲ್ಲ! ನನಗಿಂತ ದೊಡ್ಡೋರು ಇದ್ದಾರೆ," ಎಂದಿತು.

ದಡ್ಡತನ ಅನ್ನುವವರು ಅನ್ನಲಿ. ನಮ್ಮ ಕಡೆ ಯಾರ ಮನೆಗೆ ಹೋದರೂ ಕಾಫಿ ಅಂದ ಕೂಡಲೇ ಕೈ ಚಾಚುವವರುಂಟೇ? ಮೊದಲು ಬೇಡ ಅನ್ನಬೇಕು, ಅವರು ಬಲವಂತ ಮಾಡಬೇಕು, ಆಮೇಲೆ "ಅರ್ಧ ಲೋಟ ಸಾಕು" ಅಂತ ಪೂರ್ತಿ ಕುಡಿಯಬೇಕು. ಅವಳು ಆ ಬಲವಂತಕ್ಕೆ ಕಾದಳು.

ಶಿವಯೋಗಿಯವರು ತಲೆದೂಗಿದರು. "ನೋಡಿದ್ರಾ, ಎಂಥ ದೊಡ್ಡ ಮನಸ್ಸು! ಬಲವಂತ ಮಾಡೋದು ಬೇಡ. ಹಾಗಾದ್ರೆ ಅತುಲ್ ಇರ್ಲಿ." ಅತುಲ್ ಅವರ ತಂಗಿಯ ಮಗ. ಅಂಥ ತರಗತಿಯ ಹೊಸ್ತಿಲನ್ನೂ ತುಳಿದವನಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವರಾಜೇಶ್ವರಿಯೂ ತಟ್ಟಿದಳು.

ಸಭೆಯಲ್ಲಿದ್ದ ಹಿರಿಯ ಮೇಷ್ಟ್ರು ನರಸಿಂಹಮೂರ್ತಿ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಪಾಪದ ಮನುಷ್ಯ, ಮುಖ ತಪ್ಪಿಸಿಕೊಂಡೇ ಹೇಳಿದರು:

"ನೀವು ಮೊದಲ ಸಲಕ್ಕೆ ಹೂಂ ಅನ್ನಲ್ಲ ಅಂತ ಅವರಿಗೆ ಗೊತ್ತಿತ್ತಮ್ಮ. ಅದಕ್ಕೇ ಎಲ್ಲರೆದುರು ಕೇಳಿದ್ದು. ಅತುಲ್‌ಗೆ ಹೋದ ವಾರವೇ ರೂಮು ಸುಣ್ಣ ಬಣ್ಣ ಮಾಡಿಸಿಟ್ಟಿದ್ರು."

ಅವಳಿಗೆ ಮೈಯೆಲ್ಲ ಉರಿಯಿತು. ಅಲ್ಲ, ಆ ಶಿವಯೋಗಿಯವರಿಗೆ ಈ ಉಪಚಾರ ಗೊತ್ತಿಲ್ಲವೇ? ಅವಳ ಗೃಹಪ್ರವೇಶದಲ್ಲಿ ಎಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಅನ್ನುತ್ತಲೇ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡವರು ಅವರೇ. ಗೊತ್ತಿದ್ದೇ ಕುತ್ತಿಗೆ ಕೊಯ್ದಿದ್ದರು. ಬಾಯಿದ್ದವರು ಬರದಲ್ಲೂ ಬದುಕುತ್ತಾರೆ ಅಂತಾರೆ, ಬಸವರಾಜೇಶ್ವರಿ ಬಾಯಿದ್ದೂ ಕೆಟ್ಟಳು.

ಮಗಳು ಅಕ್ಷರಾಳ ನಿಶ್ಚಿತಾರ್ಥ ಬಂತು. ಶಿವಯೋಗಿಯವರನ್ನು ಕರೆಯದೆ ಇರುವಂತಿಲ್ಲ. ನೆಂಟರು, ಮೇಲಾಗಿ ಅನ್ನ ಕೊಡುವ ಧಣಿ. ನೀಮಾಳೂ ಸೀರೆ ಉಟ್ಟುಕೊಂಡು ಬಂದು ಪಂಕ್ತಿಯಲ್ಲಿ ಕೂತಿದ್ದಳು. ಹೋಳಿಗೆ ಬಡಿಸಲು ಬಸವರಾಜೇಶ್ವರಿಯೇ ಹೊರಟಳು. ಬೇಕೇ ಅಂತ ಕೇಳುವ ಮೊದಲೇ ನೀಮಾ ಎಲೆ ತೋರಿಸಿ, "ಬೇಕು ಮೇಡಂ, ಎರಡು!" ಎಂದು ತಾನು ಕಲಿತ ಕನ್ನಡದಲ್ಲಿ ಹೇಳಿದಳು. ಅವಳಿಗೆ ಎರಡು ಬಿತ್ತು, ಮೇಲೆ ತುಪ್ಪವೂ ಬಿತ್ತು.

ಪಕ್ಕದ ಎಲೆ ಶಿವಯೋಗಿಯವರದು.

"ಹೋಳಿಗೆ ಹಾಕ್ಲಾ ಸಾರ್?"

"ಬೇಡಮ್ಮ, ಬೇಡ ಬೇಡ," ಎಂದು ಅವರು ಕೈ ಅಡ್ಡ ಹಿಡಿದರು. ಬೆರಳ ಸಂದಿಯಿಂದ ಎಲೆ ಅರ್ಧ ಕಾಣುತ್ತಿತ್ತು.

"ಆಯ್ತು ಸಾರ್," ಎಂದು ಅವಳು ಮುಂದಿನ ಎಲೆಗೆ ಹೋದಳು.

ಇಡೀ ಪಂಕ್ತಿ ಇತ್ತಲೇ ತಿರುಗಿತು. ಶಿವಯೋಗಿಯವರ ಕೈ ಎಲೆಯ ಮೇಲೆ ಹಾಗೇ ನಿಂತಿತ್ತು. ಆ ಗಳಿಗೆಯಲ್ಲಿ ಅವಳಿಗಾದ ಸಂತೋಷವನ್ನು ಏನಂತ ಹೇಳಲಿ! ಸಭೆಯ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಕೆಳಗಿಳಿದಂತಾಯಿತು.

ಆದರೆ ಓಂಕಾರಪ್ಪ ಇದ್ದನಲ್ಲ. "ಇನ್ನೊಂದ್ಸಲ ಕೇಳೇ ಮಾರಾಯ್ತಿ, ಮಾನ ಕಳೀತೀಯಲ್ಲ!" ಎಂದು ಹಲ್ಲು ಕಚ್ಚಿಕೊಂಡೇ ಬಂದು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡ. ಕಾರ್ಯದರ್ಶಿಗಳ ಮುಂದೆ ಬಗ್ಗಿ, "ತಗೊಳ್ಳಿ ಸಾರ್, ನನ್ನಾಣೆ, ನೀವು ತಗೊಳ್ದೆ ಇದ್ರೆ ನಾನೂ ಊಟ ಮಾಡಲ್ಲ," ಎಂದು ಮೂರು ಹೋಳಿಗೆ ಹಾಕಿದ. ಅಡ್ಡ ಇದ್ದ ಕೈ ಯಾವಾಗ ಸರಿಯಿತೋ ಯಾರಿಗೂ ಕಾಣಲಿಲ್ಲ.

ಶಿವಯೋಗಿಯವರು ಹೋಳಿಗೆ ಮುರಿಯುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ಮೇಡಂಗೆ ಇಂಗ್ಲಿಷ್ ಜಾಸ್ತಿ ಆಯ್ತು ನೋಡಿ. ಉಪಚಾರ ಮಾಡೋದೇ ಮರ್ತುಬಿಟ್ಟಿದ್ದಾರೆ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನೀಮಾ ಒಬ್ಬಳು ನಗದೆ ತನ್ನ ಮೇಡಂ ಮುಖವನ್ನೇ ನೋಡಿದಳು, ಈಗಲಾದರೂ ಏನಾದರೂ ಹೇಳುತ್ತಾರೆ ಅಂತ.

ಮೇಡಂ ಸೆರಗು ಸರಿಮಾಡಿಕೊಂಡು ತಾನೂ ನಕ್ಕಳು. ಕೆಲಸ ಕಸಿದುಕೊಂಡವರನ್ನು ಅವಳು ಎಂದಾದರೂ ಕ್ಷಮಿಸಿಯಾಳು, ಆ ನಗುವಿಗಾಗಿ ತನ್ನನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.